ನಿದ್ದೆ ಯಾರ ಸ್ವತ್ತು?



ರಮಝಾನ್ ಬಂತೆಂದರೆ ನಮ್ಮ ದಿನಚರಿ ಬದಲಾಗುತ್ತದೆ. ತರಾವೀಹ್ ಮುಗಿಸಿ ರೂಮಿಗೆ ಬಂದ ಮೇಲೆ ಚಹಾ, ಮಾತು, ಊರಿಗೆ ಫೋನ್. ಕಣ್ಣು ಮುಚ್ಚುವಷ್ಟರಲ್ಲಿ ಸಹರಿ, ಫಜ್ರ್ ಆದೊಡನೆ ಕೆಲಸದ ಬಸ್ಸು. ಈ ತಿಂಗಳಲ್ಲಿ ನಿದ್ದೆಗೆಡುವುದೇ ಪುಣ್ಯವೆಂದು ಭಾವಿಸುವವರೂ ಇದ್ದಾರೆ. ಆದರೆ ನಿದ್ದೆ ನಮ್ಮ ಸ್ವಂತ ಸ್ವತ್ತೇ? ಮನಬಂದಂತೆ ಖರ್ಚು ಮಾಡಬಹುದೇ?

ಮೊದಲು ದೇಹದ ಮಾತು ಕೇಳೋಣ. ನಾವು ಮಲಗಿದಾಗ ರೋಗಾಣುಗಳ ವಿರುದ್ಧ ಹೋರಾಡುವ ದೇಹದ ರಕ್ಷಣಾ ವ್ಯವಸ್ಥೆ ಮಲಗುವುದಿಲ್ಲ, ಬಲ ತುಂಬಿಕೊಳ್ಳುತ್ತದೆ. 2015ರಲ್ಲಿ ಅಮೆರಿಕದ ಸಂಶೋಧಕರು 164 ಮಂದಿ ಆರೋಗ್ಯವಂತರ ಒಂದು ವಾರದ ನಿದ್ದೆಯನ್ನು ಅಳೆದು, ನಂತರ ಅವರ ಮೂಗಿಗೆ ಶೀತದ ವೈರಸ್ ಹನಿಸಿದರು. 7 ಗಂಟೆಗಿಂತ ಹೆಚ್ಚು ಮಲಗಿದವರಿಗೆ ಹೋಲಿಸಿದರೆ 6 ಗಂಟೆಗಿಂತ ಕಡಿಮೆ ಮಲಗಿದವರಿಗೆ ಶೀತ ಹಿಡಿಯುವ ಸಾಧ್ಯತೆ ಸುಮಾರು 4 ಪಟ್ಟು ಹೆಚ್ಚಿತ್ತು. 2002ರ ಇನ್ನೊಂದು ಅಧ್ಯಯನದಲ್ಲಿ, ಕೆಲವು ರಾತ್ರಿ 4 ಗಂಟೆ ಮಾತ್ರ ಮಲಗಿದವರಿಗೆ ಫ್ಲೂ ಲಸಿಕೆ ಕೊಟ್ಟಾಗ, 10 ದಿನಗಳ ನಂತರ ಅವರಲ್ಲಿದ್ದ ಪ್ರತಿಕಾಯಗಳು ಉಳಿದವರ ಅರ್ಧಕ್ಕಿಂತಲೂ ಕಡಿಮೆ.

ಇನ್ನು ಉರಿಯೂತ. ಗಾಯವಾದ ಜಾಗ ಕೆಂಪಾಗಿ ಊದಿಕೊಳ್ಳುತ್ತದಲ್ಲ, ಅದು ದೇಹದ ಕಾವಲು. ಆದರೆ ನಿದ್ದೆ ಬಹುಕಾಲ ಕೆಟ್ಟರೆ ಗಾಯವೇ ಇಲ್ಲದೆ ಒಳಗೊಳಗೆ ಸಣ್ಣ ಉರಿಯೂತ ಉಳಿದುಬಿಡಬಹುದು. ಇಂಥ ಉರಿಯೂತಕ್ಕೂ ಹೃದ್ರೋಗ, ಸಕ್ಕರೆ ಕಾಯಿಲೆಗಳಿಗೂ ನಂಟಿದೆ. ಊರಿಗೆ ಹಣ ಕಳುಹಿಸುವ ನಮಗೆ ಆರೋಗ್ಯವೇ ಬಂಡವಾಳ.

ದೀನ್ ಏನನ್ನುತ್ತದೆ? ಸಹೀಹ್ ಬುಖಾರಿಯಲ್ಲಿ ಬರುವ ಘಟನೆ ನಮಗೆಲ್ಲ ಗೊತ್ತು. ರಾತ್ರಿಯಾದೊಡನೆ ನಮಾಝಿಗೆ ನಿಲ್ಲಹೊರಟ ಅಬುದ್ದರ್ದಾ(ರ)ರನ್ನು ಅತಿಥಿಯಾಗಿ ಬಂದಿದ್ದ ಸಲ್ಮಾನ್(ರ) ಮಲಗಲು ಹೇಳಿದರು. ರಾತ್ರಿಯ ಕೊನೆಯ ಭಾಗದಲ್ಲಿ ತಾವೇ ಎಬ್ಬಿಸಿದರು, ಇಬ್ಬರೂ ನಮಾಝ್ ಮಾಡಿದರು. ಪ್ರಭುವಿಗೂ, ನಿಮ್ಮ ಆತ್ಮಕ್ಕೂ, ಮನೆಯವರಿಗೂ ನಿಮ್ಮ ಮೇಲೆ ಹಕ್ಕಿದೆ ಎಂದು ತಿಳಿಹೇಳಿದರು. ಪ್ರವಾದಿ(ಸ)ರು ಅದನ್ನು ಕೇಳಿ, ಸಲ್ಮಾನ್ ಹೇಳಿದ್ದು ಸತ್ಯ ಎಂದರು. ಅಂದರೆ ನಮಾಝ್ ಬಿಡಬೇಕೆಂದಲ್ಲ, ಅದಕ್ಕಾಗಿ ಮೊದಲು ಮಲಗಬೇಕು.

"ಓವರ್‌ಟೈಮ್ ಬಿಟ್ಟರೆ ಸಾಲ ಯಾರು ತೀರಿಸುತ್ತಾರೆ?" ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ನನ್ನ ಕಸುಬು ಲೆಕ್ಕ ಬರೆಯುವುದು. ಹೋದ ನಿದ್ದೆಯನ್ನೆಲ್ಲ ಒಂದೇ ಖಾತೆಗೆ ಬರೆಯಲಾಗದು.

ಮೊದಲನೆಯದು, ಕುಟುಂಬಕ್ಕಾಗಿ ಕೊಟ್ಟ ನಿದ್ದೆ. ಸೂರಃ ಮುಝ್ಝಮ್ಮಿಲ್‌ನ ಕೊನೆಯ ಆಯತ್ ರಾತ್ರಿಯ ನಮಾಝನ್ನು ಹಗುರಗೊಳಿಸುವಾಗ, ರೋಗಿಗಳ ಜೊತೆಗೆ ಅಲ್ಲಾಹನ ಅನುಗ್ರಹ ಅರಸಿ ಭೂಮಿಯಲ್ಲಿ ಸಂಚರಿಸುವವರನ್ನೂ ನೆನೆಯುತ್ತದೆ. ಹೊಟ್ಟೆಪಾಡಿಗೆ ಕಡಲು ದಾಟಿದ ನಾವೂ ಅವರಲ್ಲಿ ಸೇರಿದವರಲ್ಲವೇ? ದಣಿದು ತಹಜ್ಜುದ್‌ಗೆ ಏಳಲಾಗದವನು ಕೊರಗಬೇಕಿಲ್ಲ.

ಎರಡನೆಯದು, ಪೋಲು ಮಾಡಿದ ನಿದ್ದೆ. ಯುಎಇಯಲ್ಲಿ ಈ ತಿಂಗಳು ಖಾಸಗಿ ಕಂಪೆನಿಗಳಲ್ಲೂ ದಿನಕ್ಕೆ 2 ಗಂಟೆ ಕೆಲಸ ಕಡಿಮೆ. ಆ 2 ಗಂಟೆ ಮೊಬೈಲಿನ ಪಾಲಾದರೆ ಅದು ಇಬಾದತ್ ಅಲ್ಲ, ದುಂದು. ಅಲ್ಲದೆ ತೂಕಡಿಸುತ್ತಾ ಗಾಡಿ ಓಡಿಸುವವನು ಪಣಕ್ಕಿಡುವುದು ತನ್ನೊಬ್ಬನ ಜೀವವನ್ನಲ್ಲ.

ಮೂರನೆಯದೇ ಭಾರವಾದದ್ದು: ಇನ್ನೊಬ್ಬನಿಂದ ಕಿತ್ತುಕೊಂಡ ನಿದ್ದೆ. ಒಂದೇ ರೂಮಿನಲ್ಲಿ ಆರೇಳು ಮಂದಿ, ಶಿಫ್ಟ್ ಬೇರೆ ಬೇರೆ. ನೈಟ್ ಡ್ಯೂಟಿ ಮುಗಿಸಿ ಮಲಗಿದವನ ತಲೆಯ ಮೇಲೆ ಲೈಟು, ಸ್ಪೀಕರ್ ಹಾಕಿದ ಫೋನು, ಜೋರು ನಗು. ಪ್ರವಾದಿ(ಸ)ರು ರಾತ್ರಿ ಬಂದಾಗ ಎಚ್ಚರವಿದ್ದವರಿಗಷ್ಟೇ ಕೇಳುವಂತೆ, ಮಲಗಿದವರು ಏಳದಂತೆ ಸಲಾಂ ಹೇಳುತ್ತಿದ್ದರೆಂದು ಮಿಕ್ದಾದ್(ರ) ವರದಿ ಮಾಡಿದ್ದಾರೆ. ಸಲಾಮಿನಂಥ ಪುಣ್ಯಕಾರ್ಯದಲ್ಲೇ ಇಷ್ಟು ಜಾಗ್ರತೆಯಿದ್ದರೆ, ನಮ್ಮ ಹರಟೆಯ ಗತಿಯೇನು? ಇದು ದಾಸರ ಹಕ್ಕು. ಕ್ಷಮೆಯನ್ನು ಅವನಲ್ಲೇ ಕೇಳಬೇಕು.

ಆದ್ದರಿಂದ ತರಾವೀಹ್ ಆದ ಮೇಲೆ ರೂಮಿನ ಲೈಟು ಆರಿಸಲು ಎಲ್ಲರೂ ಸೇರಿ ಒಂದು ಹೊತ್ತು ಗೊತ್ತುಮಾಡಿಕೊಳ್ಳಿ. ಬಿಡುವು ಸಿಕ್ಕರೆ ಮಧ್ಯಾಹ್ನ ಅರ್ಧ ಗಂಟೆ ಕೈಲೂಲಾ ಮಾಡಿ. ಸಹರಿಯ ಪಾತ್ರೆಗಳ ಸದ್ದು ಕಡಿಮೆ ಮಾಡಿ. ನಿದ್ದೆ ಅಲ್ಲಾಹನು ನಮ್ಮ ಕೈಗಿತ್ತ ಅಮಾನತ್. ನಮ್ಮದನ್ನೂ ಪಕ್ಕದ ಮಂಚದವನದನ್ನೂ ಕಾಪಾಡುವ ತೌಫೀಕನ್ನು ಅವನು ದಯಪಾಲಿಸಲಿ. ಆಮೀನ್.