ಆಜೀವಿಕೆಯ ಆಯ್ಕೆ ಮತ್ತು ಅಪ್ರಮಾದ

ಶ್ರಾವಕಧರ್ಮದಲ್ಲಿ ಆಜೀವಿಕೆಯ ವಿಚಾರಕ್ಕೆ ಹಿರಿದಾದ ಸ್ಥಾನವಿದೆ. ಮುನಿಗಳು ಆರಂಭವನ್ನೂ ಪರಿಗ್ರಹವನ್ನೂ ತೊರೆದವರು. ಗೃಹಸ್ಥನಾದರೋ ದುಡಿದು ಸಂಸಾರವನ್ನು ಸಲಹಬೇಕಾದವನು. ಆದುದರಿಂದಲೇ ಅವನು ಯಾವ ವೃತ್ತಿಯಿಂದ ಜೀವಿಸಬೇಕು, ಅದನ್ನು ಹೇಗೆ ನಡೆಸಬೇಕು ಎಂಬುದನ್ನು ಶ್ರಾವಕಾಚಾರ ಗ್ರಂಥಗಳು ವಿಚಾರಿಸಿವೆ. ಪೂರ್ವಾಚಾರ್ಯರು ಹೇಳಿದ ವೃತ್ತಿಗಳು ಅಸಿ, ಮಸಿ, ಕೃಷಿ, ವಾಣಿಜ್ಯ, ವಿದ್ಯೆ, ಶಿಲ್ಪ ಎಂಬ ಆರು. ಇಂದಿನ ಯುವಜನರು ಕೈಹಿಡಿಯುವ ವೃತ್ತಿಗಳಿಗೆ ಲೆಕ್ಕವಿಲ್ಲ. ಆದರೆ ವೃತ್ತಿ ಹೊಸದಾದ ಮಾತ್ರಕ್ಕೆ ಧರ್ಮದ ಪ್ರಶ್ನೆ ಹೊಸದಾಗುವುದಿಲ್ಲ. ಈ ಮಾತನ್ನು ಪರೀಕ್ಷಿಸಲು, ಬಸದಿಯ ಪ್ರಾಕಾರದಿಂದ ಬಹುದೂರದಲ್ಲಿರುವಂತೆ ತೋರುವ ಒಂದು ವೃತ್ತಿಯನ್ನೇ ತೆಗೆದುಕೊಳ್ಳಬಹುದು. ಅದು ಅಮೆರಿಕದ ಅಲಾಸ್ಕಾ ರಾಜ್ಯದಲ್ಲಿ ಜಲವಿಮಾನ ನಡೆಸುವ ಹೊಸ ಪೈಲಟನ ವೃತ್ತಿ.

ಚಕ್ರಗಳ ಬದಲಿಗೆ ದೋಣಿಯಾಕಾರದ ಎರಡು ಟೊಳ್ಳು ಫ್ಲೋಟ್‌ಗಳನ್ನು ಹೊಂದಿ, ನೀರಿನಿಂದಲೇ ಏರಿ ನೀರಿಗೇ ಇಳಿಯುವ ಸಣ್ಣ ವಿಮಾನವೇ ಜಲವಿಮಾನ. ಅಲಾಸ್ಕಾದಲ್ಲಿ ರಸ್ತೆ ಇಲ್ಲದ ಊರುಗಳೇ ಹೆಚ್ಚು. ರಾಜಧಾನಿಯಾದ ಜೂನೋ ನಗರಕ್ಕೂ ಹೊರಗಿನಿಂದ ರಸ್ತೆಯಿಲ್ಲ. ಅಲ್ಲಿ ಅಂಚೆ, ದಿನಸಿ, ಔಷಧಿ, ರೋಗಿ ಎಲ್ಲವೂ ದೋಣಿಯಲ್ಲಿ ಇಲ್ಲವೇ ವಿಮಾನದಲ್ಲಿ ಸಾಗಬೇಕು. 1947ರಲ್ಲಿ ಮೊದಲು ಹಾರಿದ ಬೀವರ್, 1951ರಲ್ಲಿ ಮೊದಲು ಹಾರಿದ ಆಟರ್ ಎಂಬ ಕೆನಡಾದಲ್ಲಿ ತಯಾರಾದ ವಿಮಾನಗಳು ಇಂದಿಗೂ ಈ ಕೆಲಸವನ್ನು ಮಾಡುತ್ತಿವೆ.

ಈ ವೃತ್ತಿಗೆ ಬರುವ ಯುವಕನ ಮೊದಲ ಬಂಡವಾಳ ಹಾರಾಟದ ಗಂಟೆಗಳು. ಅಮೆರಿಕದಲ್ಲಿ ವೃತ್ತಿಪರ ಪೈಲಟನ ಪರವಾನಗಿಗೆ ಸಾಮಾನ್ಯವಾಗಿ 250 ಗಂಟೆ ಬೇಕು; ಬಾಡಿಗೆ ವಿಮಾನದಲ್ಲಿ ಪ್ರಯಾಣಿಕರನ್ನು ಮುಖ್ಯ ಪೈಲಟನಾಗಿ ಒಯ್ಯಲು ಕನಿಷ್ಠ 500 ಗಂಟೆ; ದೊಡ್ಡ ವಿಮಾನ ಕಂಪನಿಗಳನ್ನು ಸೇರಲು 2013ರಿಂದ ಈಚೆಗೆ ಸಾಮಾನ್ಯವಾಗಿ 1,500 ಗಂಟೆ. ತರಬೇತಿಗಾಗಿ ಮಾಡಿದ ಸಾಲ ಬೆನ್ನಮೇಲಿರುತ್ತದೆ. ಹೀಗಾಗಿ ಯಾವ ಕೆಲಸ ಬೇಗನೆ ಹೆಚ್ಚು ಗಂಟೆಗಳನ್ನು ಕೊಡುತ್ತದೆ ಎಂಬುದೇ ಅವನ ಮುಂದಿರುವ ಏಕೈಕ ಪ್ರಶ್ನೆಯೆಂಬಂತೆ ಕಾಣುತ್ತದೆ.

ಇಂತಹವನ ಎದುರು ಮೂರು ಬಗೆಯ ಕೆಲಸಗಳು ಇರುತ್ತವೆಯೆಂದು ಭಾವಿಸೋಣ. ಒಂದು, ಬೇಸಿಗೆಯಲ್ಲಿ ಪ್ರವಾಸಿ ಹಡಗುಗಳಿಂದ ಇಳಿಯುವ ಜನರಿಗೆ ಕಣಿವೆ, ಕೊಲ್ಲಿಗಳನ್ನು ತೋರಿಸಿ ತರುವ ಕೆಲಸ. ದಿನಕ್ಕೆ ಹಲವು ಹಾರಾಟ, ಗಂಟೆಗಳು ಬೇಗ ಕೂಡುತ್ತವೆ. ಎರಡು, ಬೇಟೆಗಾರರನ್ನು ಕಾಡಿನ ಸರೋವರಗಳಿಗೆ ಒಯ್ದು, ಮುಗಿದ ಮೇಲೆ ಬೇಟೆಯ ಸಮೇತ ಕರೆತರುವ ಕೆಲಸ. ಊಟ ವಸತಿ ಸೇರಿ ಒಳ್ಳೆಯ ವರಮಾನ. ಮೂರು, ರಸ್ತೆಯಿಲ್ಲದ ಊರುಗಳಿಗೆ ಅಂಚೆಯನ್ನೂ ಜನರನ್ನೂ ಒಯ್ಯುವ ಕೆಲಸ; ಇಲ್ಲಿ ಮೊದಲ ಬೇಸಿಗೆಯೆಲ್ಲ ನೀರುಕಟ್ಟೆಯಲ್ಲಿ ವಿಮಾನ ಕಟ್ಟುವುದು, ಸರಕು ಏರಿಸುವುದು, ಫ್ಲೋಟ್‌ಗಳೊಳಗೆ ಸೇರಿದ ನೀರನ್ನು ಪಂಪಿನಿಂದ ತೆಗೆಯುವುದು ಇವುಗಳಲ್ಲೇ ಕಳೆಯಬಹುದು.

ಎರಡನೆಯ ಕೆಲಸದ ವಿಷಯದಲ್ಲಿ ಶ್ರಾವಕನಿಗೆ ಸಂದೇಹವಿರಬಾರದು. ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸಲಾಗಿದೆ. ಇವುಗಳಲ್ಲಿ ಕೊಲ್ಲಬೇಕೆಂಬ ಸಂಕಲ್ಪದಿಂದಲೇ ಮಾಡುವ ಹಿಂಸೆಯನ್ನು ಗೃಹಸ್ಥನೂ ಬಿಡಲೇಬೇಕು. ಪೈಲಟನು ಬಂದೂಕು ಮುಟ್ಟುವುದಿಲ್ಲ, ನಿಜ. ಆದರೆ ಕೃತ, ಕಾರಿತ, ಅನುಮೋದನ ಎಂಬ ಮೂರು ಬಾಗಿಲುಗಳಿಂದಲೂ ಕರ್ಮಾಸ್ರವವಾಗುತ್ತದೆಂಬುದು ಆಗಮಸಮ್ಮತವಾದ ಮಾತು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಹಿಂಸೆಯ ಉಪಕರಣಗಳನ್ನು ಒದಗಿಸುವುದನ್ನು ಹಿಂಸಾದಾನವೆಂದು ಕರೆದು, ಅನರ್ಥದಂಡಗಳ ಸಾಲಿನಲ್ಲಿಟ್ಟಿದ್ದಾರೆ. ಬೇಟೆಗೆ ವಿಮಾನವೂ ಒಂದು ಉಪಕರಣವೆಂಬುದನ್ನು ಅಲ್ಲಿನ ಕಾನೂನೇ ಒಪ್ಪಿಕೊಂಡಿದೆ. ವಿಮಾನದಿಂದ ಪ್ರಾಣಿಗಳಿಗೆ ಗುಂಡು ಹಾರಿಸುವುದನ್ನು ಅಮೆರಿಕ 1971ರ ಕಾಯಿದೆಯಿಂದ ನಿಷೇಧಿಸಿತು. ಕರಡಿ, ಮೂಸ್ ಮೊದಲಾದ ದೊಡ್ಡ ಪ್ರಾಣಿಗಳನ್ನು, ಸಣ್ಣ ವಿಮಾನದಲ್ಲಿ ಬಂದಿಳಿದ ದಿನವೇ ಬೇಟೆಯಾಡುವಂತಿಲ್ಲ. ಮರುದಿನ ಬೆಳಗಿನ ಜಾವ 3 ಗಂಟೆ ಕಳೆಯಬೇಕೆಂಬುದು ಅಲಾಸ್ಕಾದ ನಿಯಮ. ಕಾನೂನು ಒಂದು ರಾತ್ರಿಯ ಅಂತರವನ್ನು ಕೇಳುತ್ತದೆ; ಅಹಿಂಸಾಣುವ್ರತಿಯ ಮನಸ್ಸಿಗೆ ಆ ಅಂತರ ಸಾಲದು.

ಹಾಗೆಂದು ಅಂಚೆಯ ವಿಮಾನ ಪೂರ್ಣ ನಿರ್ದೋಷವೆಂದು ಹೇಳಲಾಗದು. ಅದರಲ್ಲಿಯೂ ಯಾರದೋ ಬಂದೂಕು, ಯಾರದೋ ಮೀನಿನ ಬಲೆ ಸಾಗೀತು. ಇಂಧನ ಉರಿಯುತ್ತದೆ, ನೀರಿನ ಜೀವಿಗಳಿಗೆ ಬಾಧೆಯಾಗುತ್ತದೆ. ಆದರೆ ಇದು ಉದ್ಯೋಗೀ ಹಿಂಸೆ. ಕಿರಾಣಿ ಅಂಗಡಿಯವನು ಮಾರಿದ ಹಗ್ಗವನ್ನು ಕೊಂಡವರೆಲ್ಲ ಏನು ಮಾಡುತ್ತಾರೆಂಬ ಲೆಕ್ಕವನ್ನು ಅವನು ಇಡಲಾರನು. ಬಲೆ ಹೆಣೆಯುವುದಕ್ಕೆಂದೇ ಅಂಗಡಿ ತೆರೆದವನ ಸ್ಥಿತಿ ಬೇರೆ. ಉದ್ಯೋಗದ ಮುಖ್ಯ ಪ್ರಯೋಜನ ಯಾವುದೆಂಬುದನ್ನು ನೋಡಿ ನಿರ್ಣಯಿಸುವುದೇ ವಿವೇಕ.

ಕಠಿನವಾದ ಪ್ರಶ್ನೆ ಹುಟ್ಟುವುದು ಮೊದಲನೆಯ ಮತ್ತು ಮೂರನೆಯ ಕೆಲಸಗಳ ನಡುವೆ. ಪ್ರವಾಸಿಗರಿಗೆ ಪ್ರಕೃತಿಯನ್ನು ತೋರಿಸುವುದರಲ್ಲಿ ಪಾಪವೇನಿದೆ? ಏನೂ ಇಲ್ಲ. ಆದರೆ ಹಡಗು ಹೊರಡುವ ವೇಳೆ ನಿಶ್ಚಿತ, ಹವೆ ಅನಿಶ್ಚಿತ. ಪ್ರವಾಸಿಗರ ದೊಡ್ಡ ಕೇಂದ್ರವಾದ ಕೆಚಿಕಾನ್ ಪಟ್ಟಣದಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಮೋಡಗಳು ಬೆಟ್ಟಗಳ ಮಗ್ಗುಲಲ್ಲಿ ಕೆಳಗಿಳಿದು ನಿಲ್ಲುತ್ತವೆ. ಕಣ್ಣಿನಿಂದ ನೋಡಿ ಹಾರಿಸುವ ಬಾಡಿಗೆ ವಿಮಾನವು ಹಗಲಿನಲ್ಲಿ 500 ಅಡಿಗಿಂತ ಕೆಳಗೆ ಹಾರಬಾರದು. ಮೋಡದ ಚಾವಣಿ 1,000 ಅಡಿಗಿಂತ ತಗ್ಗಿದ್ದರೆ ಮುಂದೆ ಎರಡು ಮೈಲಿ ಕಾಣುತ್ತಿರಬೇಕು. ಆದರೆ ಮಳೆಯ ನಡುವೆ ಕಾಣುತ್ತಿರುವುದು ಎರಡು ಮೈಲಿಯೋ ಒಂದೇ ಮೈಲಿಯೋ ಎಂಬುದಕ್ಕೆ ಅಲ್ಲಿ ಪೈಲಟನ ಹೊರತು ಬೇರೆ ಸಾಕ್ಷಿಯಿಲ್ಲ. ನಾಲ್ಕು ಮೊಳ ಮುಂದಿನ ನೆಲವನ್ನು ನೋಡಿಯೇ ಹೆಜ್ಜೆಯಿಡುವ ಮುನಿಗಳ ಈರ್ಯಾಸಮಿತಿಗೂ ಯಾರೂ ಕಾವಲಿರುವುದಿಲ್ಲ.

2015ರ ಜೂನ್ 25ರಂದು ಕೆಚಿಕಾನಿನ ಸಮೀಪ ಹಡಗಿನ ಪ್ರವಾಸಿಗರನ್ನು ಹೊತ್ತು ಮರಳುತ್ತಿದ್ದ ಒಂದು ಆಟರ್ ಜಲವಿಮಾನವು ಬೆಟ್ಟಕ್ಕೆ ಅಪ್ಪಳಿಸಿ, ಪೈಲಟನೂ ಎಂಟು ಪ್ರಯಾಣಿಕರೂ ಮೃತರಾದರು. ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷಾ ಮಂಡಳಿಯು 2017ರಲ್ಲಿ ಕೊಟ್ಟ ನಿರ್ಣಯದಲ್ಲಿ, ಕಣ್ಣಿಗೆ ಕಾಣದ ಹವೆಯೊಳಗೆ ಮುಂದುವರಿದ ಪೈಲಟನ ತೀರ್ಮಾನವನ್ನಷ್ಟೇ ಕಾರಣವೆನ್ನಲಿಲ್ಲ. ಅಪಾಯಕರ ಹವೆಯಲ್ಲಿ ಹಾರುವುದನ್ನು ಮೌನವಾಗಿ ಒಪ್ಪಿಕೊಂಡಿದ್ದ ಕಂಪನಿಯ ನಡವಳಿಕೆಯನ್ನೂ, ವ್ಯಾಪಾರದ ಪೈಪೋಟಿಯ ಒತ್ತಡವನ್ನು ಅದು ನಿಭಾಯಿಸದೆ ಹೋದುದನ್ನೂ ಎತ್ತಿ ಹೇಳಿತು. ಮೌನದ ಒಪ್ಪಿಗೆ ಎಂಬ ಮಾತು ಜೈನರ ಕಿವಿಗೆ ಪರಿಚಿತವಾದುದು. ಅನುಮೋದನವೆಂದರೆ ಅದೇ.

ಹಿಂಸೆಯ ಲಕ್ಷಣವನ್ನು ಹೇಳುವಾಗ ಉಮಾಸ್ವಾಮಿಗಳು ಪ್ರಾಣಹಾನಿಯನ್ನು ಮಾತ್ರ ಹೇಳದೆ, ಅದಕ್ಕೆ ಪ್ರಮಾದದ ಯೋಗವನ್ನು ಕೂಡಿಸಿದರು. ಅಮೃತಚಂದ್ರಸೂರಿಗಳು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಇದನ್ನು ಇನ್ನೂ ಬಿಡಿಸಿದ್ದಾರೆ: ಎಚ್ಚರಿಕೆಯಿಂದ ನಡೆಯುವವನಿಂದ ಅಕಸ್ಮಾತ್ತಾಗಿ ಜೀವಿ ಸತ್ತರೂ ಅವನಿಗೆ ಹಿಂಸೆಯ ದೋಷವಿಲ್ಲ, ಪ್ರಮಾದಕ್ಕೆ ವಶನಾದವನಿಗೆ, ಜೀವಿ ಸಾಯಲಿ ಬಿಡಲಿ, ಹಿಂಸೆ ಮುಂದೆಯೇ ಓಡುತ್ತಿರುತ್ತದೆ. ಈ ಸಿದ್ಧಾಂತವನ್ನು ಅಲಾಸ್ಕಾದ ನೀರುಕಟ್ಟೆಯ ಮೇಲಿಟ್ಟು ನೋಡಬೇಕು. ಮಂಜಿನಲ್ಲಿ ನುಗ್ಗಿದ ಪೈಲಟನೊಬ್ಬ ಕ್ಷೇಮವಾಗಿ ಮರಳುತ್ತಾನೆ, ಪ್ರವಾಸಿಗರು ಕೈಕುಲುಕುತ್ತಾರೆ, ಧಣಿಗೆ ಸಂತೋಷ, ಪುಸ್ತಕದಲ್ಲಿ ಒಂದು ಗಂಟೆ ಜಮಾ. ಲೋಕದ ದೃಷ್ಟಿಯಲ್ಲಿ ಏನೂ ಆಗಲಿಲ್ಲ. ಆಚಾರ್ಯರ ದೃಷ್ಟಿಯಲ್ಲಿ ಹಿಂಸೆ ಆಗಿಹೋಗಿದೆ. ಹತ್ತು ಸಲ ಹೀಗೆ ಮರಳಿದವನು ಅದೃಷ್ಟವನ್ನು ಕೌಶಲವೆಂದು ತಿಳಿಯುತ್ತಾನೆ. ಕಿರ್ದಿಯಲ್ಲಿ ಬರೆಯದ ಸಾಲ ಇಲ್ಲವಾಗುವುದಿಲ್ಲ; ಹನ್ನೊಂದನೆಯ ಸಲ ಬಡ್ಡಿಸಮೇತ ವಸೂಲಿಗೆ ಬರುತ್ತದೆ, ಅದೂ ಸಾಲ ಮಾಡದವರ ಪ್ರಾಣದಿಂದ.

ಆದುದರಿಂದ ಮೊದಲ ಉದ್ಯೋಗವನ್ನು ಆರಿಸುವವನು ಕೇಳಬೇಕಾದುದು ಇದು: ಈ ಸ್ಥಳದಲ್ಲಿ ಪ್ರಮಾದಕ್ಕೆ ಬಹುಮಾನವಿದೆಯೋ, ಅಪ್ರಮಾದಕ್ಕೆ ಮನ್ನಣೆಯಿದೆಯೋ? ಮೊದಲ ಧಣಿಯು ಒಂದು ಅರ್ಥದಲ್ಲಿ ಗುರುವಿನಂತೆ; ಅಲ್ಲಿ ಬಿದ್ದ ಸಂಸ್ಕಾರ ಮುಂದೆ ನೂರಾರು ಜನರನ್ನು ಹೊತ್ತ ವಿಮಾನಕ್ಕೂ ಜೊತೆಯಾಗಿ ಹೋಗುತ್ತದೆ. ಅರ್ಧ ದಾರಿಯಿಂದ ಹಿಂದಿರುಗಿದ ಪೈಲಟನನ್ನು ಅಲ್ಲಿ ಹೇಗೆ ಬರಮಾಡಿಕೊಳ್ಳುತ್ತಾರೆ? ಹಾರಿದರೆ ಮಾತ್ರ ಕೂಲಿಯೋ, ಹಾರದ ದಿನಕ್ಕೂ ಸಂಬಳವುಂಟೋ? ಹಿರಿಯ ಪೈಲಟರು ಎಷ್ಟು ವರ್ಷಗಳಿಂದ ಉಳಿದಿದ್ದಾರೆ? ಹೊಸಬನು ಹಾರಲಾರೆನೆಂದ ಹವೆಗೆ ಇನ್ನೊಬ್ಬನನ್ನು ಕಳುಹಿಸುವ ವಾಡಿಕೆ ಇದೆಯೇ? ಈ ಪ್ರಶ್ನೆಗಳಿಗೆ ಪ್ರವಾಸಿ ಕಂಪನಿಯೊಂದು ಒಳ್ಳೆಯ ಉತ್ತರ ಕೊಡಬಹುದು. ಅಂಚೆಯ ಕಂಪನಿಯೊಂದು ಕೆಟ್ಟ ಉತ್ತರ ಕೊಡಬಹುದು. ಹೆಸರನ್ನು ನೋಡಿ ಆರಿಸುವುದಲ್ಲ, ನಡವಳಿಕೆಯನ್ನು ನೋಡಿ ಆರಿಸಬೇಕು.

ಇಲ್ಲಿ ಎರಡು ಆಕ್ಷೇಪಗಳು ಬರುತ್ತವೆ. ತಾನು ಒಲ್ಲೆನೆಂದರೆ ಇನ್ನೊಬ್ಬನು ಆ ಕೆಲಸಕ್ಕೆ ಹೋಗುತ್ತಾನಲ್ಲ ಎಂಬುದು ಒಂದು. ಹೋಗಬಹುದು, ಆದರೆ ಕರ್ಮದ ಖಾತೆಯಲ್ಲಿ ಒಬ್ಬನ ಬಾಬ್ತು ಇನ್ನೊಬ್ಬನ ಹೆಸರಿಗೆ ವರ್ಗವಾಗುವುದಿಲ್ಲ. ಸಾಲವಿರುವವನಿಗೆ ಆರಿಸುವ ಸ್ವಾತಂತ್ರ್ಯವೆಲ್ಲಿದೆ ಎಂಬುದು ಇನ್ನೊಂದು. ಇದು ಹುಸಿ ಆಕ್ಷೇಪವಲ್ಲ. ಕಂತು ಕಟ್ಟಬೇಕಾದವನಿಗೆ ಒಂದು ಬೇಸಿಗೆಯ ಗಂಟೆಗಳನ್ನು ಬಿಟ್ಟುಕೊಡುವುದು ನಿಜವಾದ ನಷ್ಟ. ಅಂತಿಮ ಅಧಿಕಾರವೂ ಹೊಣೆಯೂ ಪೈಲಟನದೇ ಎಂದು ಕಾನೂನು ಹೇಳುತ್ತದೆ. ಆದರೆ ಋಣದಲ್ಲಿರುವವನ ಬಾಯಿಂದ ಆಗದು ಎಂಬ ಮಾತು ಸುಲಭವಾಗಿ ಹೊರಡದು. ಹಾಗಾಗಿ ಈ ಹೊಣೆಯ ಒಂದು ಪಾಲು ಅವನನ್ನು ಕಳುಹಿಸಿದವರ ಮೇಲೂ ಬೀಳುತ್ತದೆ.

ಪೈಲಟರಿಗಷ್ಟೇ ಅನ್ವಯಿಸುವ ವಿಚಾರವಲ್ಲ ಇದು. ಔಷಧಿ ಕಂಪನಿ, ಕಟ್ಟಡದ ಗುತ್ತಿಗೆ, ಲೆಕ್ಕ ತಪಾಸಣೆ, ಎಲ್ಲ ಕಡೆಯೂ ಮೊದಲ ಧಣಿಯೊಬ್ಬನಿರುತ್ತಾನೆ. ಆಗದು ಎನ್ನಬೇಕಾದ ದಿನವೊಂದು ಬರುತ್ತದೆ. ಮಗನಿಗೋ ಮಗಳಿಗೋ ಕೆಲಸ ಸಿಕ್ಕಿತೆಂದಾಗ ಸಂಬಳವೆಷ್ಟು ಎಂದು ವಿಚಾರಿಸುವ ಹಿರಿಯರು, ಅಲ್ಲಿ ಆಗದು ಎನ್ನಲು ಅವಕಾಶವಿದೆಯೇ ಎಂದೂ ವಿಚಾರಿಸಬೇಕು. ಬಸದಿಗಳ ಟ್ರಸ್ಟುಗಳು ವಿದ್ಯಾಭ್ಯಾಸಕ್ಕೆ ಕೊಡುವ ಸಾಲದ ಮೊದಲ ಕಂತನ್ನು, ಒಳ್ಳೆಯ ಕಾರಣಕ್ಕೆ ಕೆಲಸ ಬಿಟ್ಟವರಿಗೂ ಕಡಿಮೆ ಸಂಬಳದ ಶುದ್ಧ ಕೆಲಸವನ್ನು ಆರಿಸಿದವರಿಗೂ ಒಂದು ವರ್ಷ ಮುಂದೂಡಿದರೆ, ಟ್ರಸ್ಟಿಗೆ ಆಗುವ ಬಡ್ಡಿಯ ನಷ್ಟ ಅಲ್ಪ. ಅಭಯದಾನವು ದಾನಗಳಲ್ಲಿ ಹಿರಿದೆನ್ನುತ್ತಾರೆ. ನೌಕರಿ ಹೋದೀತೆಂಬ ಭಯವಿಲ್ಲದೆ ಯುವಕನೊಬ್ಬನು ಮಂಜಿನ ಎದುರು ವಿಮಾನವನ್ನು ಹಿಂದಕ್ಕೆ ತಿರುಗಿಸುವಂತೆ ಮಾಡುವುದೂ ಆ ದಾನದಲ್ಲಿ ಸೇರುತ್ತದೆ.