ಕಂತು ಕಟ್ಟುವ ಹರೆಯ

ಎಂಜಿನಿಯರಿಂಗ್ ಓದಲು ಮಾಡಿದ ಸಾಲ ಆ ಓದಿನಿಂದ ಬರುವ ಸಂಬಳದಲ್ಲಿ ತೀರುತ್ತದೆಯೇ? ಪೇಪರು ಪೆನ್ನು ಹಿಡಿದು ಕೂತರೆ ಈ ಪ್ರಶ್ನೆಗೆ ಉತ್ತರ ಸಿಗುತ್ತದೆ. ಕೆಲಸ ಸಿಕ್ಕವರಿಗೆ ಬಹುಪಾಲು ತೀರುತ್ತದೆ, ನಿಧಾನವಾಗಿ, ಬಡ್ಡಿ ಸಮೇತ. ನನ್ನನ್ನು ಕಾಡುವ ಪ್ರಶ್ನೆ ಬೇರೆ. ಸಾಲ ತೀರುವ ತನಕ ಆ ಹುಡುಗ, ಆ ಹುಡುಗಿ ಹೇಗೆ ಬದುಕುತ್ತಾರೆ? ಯಾವುದನ್ನು ಬೇಡ ಎನ್ನಲಾಗದೆ ಒಪ್ಪಿಕೊಂಡಿರುತ್ತಾರೆ?

ಮೊದಲು ಲೆಕ್ಕ. ನಮ್ಮ ರಾಜ್ಯದಲ್ಲಿ ಒಂದೇ ಬಿ.ಇ. ಪದವಿಗೆ ಹಲವು ಬೆಲೆ. ಸರ್ಕಾರಿ ಕಾಲೇಜಿನ ಸಿಇಟಿ ಸೀಟಾದರೆ ವರ್ಷಕ್ಕೆ 50 ಸಾವಿರದ ಒಳಗೆ. ಖಾಸಗಿ ಕಾಲೇಜಿನ ಸಿಇಟಿ ಸೀಟು ಒಂದು ಲಕ್ಷದ ಆಸುಪಾಸು. ಕಾಮೆಡ್‌-ಕೆ ಮೂಲಕ ಹೋದರೆ ಎರಡು, ಎರಡೂವರೆ ಲಕ್ಷ. ಮ್ಯಾನೇಜ್‌ಮೆಂಟ್ ಸೀಟಿನ ಬೆಲೆಯನ್ನು ಬೇಡಿಕೆ ನಿರ್ಧರಿಸುತ್ತದೆ. ಬ್ಯಾಂಕುಗಳ ಮಾದರಿ ಶೈಕ್ಷಣಿಕ ಸಾಲ ಯೋಜನೆಯಲ್ಲಿ ಆಸ್ತಿ ಅಡಮಾನವಿಲ್ಲದೆ ಸಾಮಾನ್ಯವಾಗಿ ಸಿಗುವುದು 7.5 ಲಕ್ಷ ರೂಪಾಯಿವರೆಗೆ. ಅದನ್ನು ನಾಲ್ಕು ಸಮ ಕಂತುಗಳಲ್ಲಿ, ಪ್ರತಿ ವರ್ಷದ ಆರಂಭದಲ್ಲಿ, ಶೇ. 10ರ ಬಡ್ಡಿಗೆ ತೆಗೆದುಕೊಂಡರು ಎಂದುಕೊಳ್ಳಿ. ಓದು ಮುಗಿದು ಒಂದು ವರ್ಷದವರೆಗೆ ಮರುಪಾವತಿ ಇಲ್ಲ. ಆದರೆ ಬಡ್ಡಿ ಬೆಳೆಯುತ್ತಿರುತ್ತದೆ. ಸರಳ ಬಡ್ಡಿಯೇ ಆದರೂ ಐದನೇ ವರ್ಷದ ಕೊನೆಗೆ ಬಾಕಿ 10,12,500 ರೂಪಾಯಿಗೆ ಬಂದು ನಿಲ್ಲುತ್ತದೆ. ಹದಿನೈದು ವರ್ಷದ ಅವಧಿಯಾದರೆ ತಿಂಗಳಿಗೆ ಸುಮಾರು 10,900 ರೂಪಾಯಿ ಕಂತು, ಹತ್ತು ವರ್ಷಕ್ಕಾದರೆ 13,400. ಹದಿನೈದು ವರ್ಷ ಕಟ್ಟಿದವರು ಕೊನೆಗೆ ಕಟ್ಟಿರುವುದು ಹತ್ತಿರಹತ್ತಿರ ಇಪ್ಪತ್ತು ಲಕ್ಷ.

ಇನ್ನು ಸಂಬಳ. ದೊಡ್ಡ ಐಟಿ ಕಂಪನಿಗಳು ಕ್ಯಾಂಪಸ್‌ನಲ್ಲಿ ಗುಂಪುಗುಂಪಾಗಿ ಆರಿಸಿಕೊಳ್ಳುವ ಹೊಸಬರಿಗೆ ವರ್ಷಕ್ಕೆ ಮೂರು, ಮೂರೂವರೆ ಲಕ್ಷ. ಹತ್ತು ಹದಿನೈದು ವರ್ಷಗಳಿಂದ ಈ ಮೊತ್ತ ಹೆಚ್ಚು ಕದಲಿಲ್ಲ. ಆ ಅವಧಿಯಲ್ಲಿ ಫೀಸು, ಬೆಂಗಳೂರಿನ ಪಿಜಿ ಬಾಡಿಗೆ, ಊಟ, ಬಸ್ಸು ಎಲ್ಲವೂ ಏರಿವೆ. ಪಿಎಫ್ ಮತ್ತಿತರ ಕಡಿತ ಹೋಗಿ ಕೈಗೆ ಬರುವ ಇಪ್ಪತ್ಮೂರು ಇಪ್ಪತ್ನಾಲ್ಕು ಸಾವಿರದಲ್ಲಿ ಅರ್ಧದಷ್ಟು ಬ್ಯಾಂಕಿಗೆ ಹೋಗುತ್ತದೆ. ಸಂಬಳ ಮುಂದೆ ಏರುತ್ತದೆ, ನಿಜ. ಕೆಲವರಿಗೆ ಬೇಗನೇ ಏರುತ್ತದೆ. ಆದರೆ ದುಡಿಮೆ ತೀರಾ ಕಡಿಮೆ ಇರುವ ವರ್ಷಗಳಲ್ಲೇ ಕಂತಿನ ಭಾರ ಅತಿ ಹೆಚ್ಚು.

ಜುಲೈ, ಆಗಸ್ಟ್‌ನಲ್ಲಿ ಯಾವುದಾದರೂ ತಾಲ್ಲೂಕು ಕೇಂದ್ರದ ಬ್ಯಾಂಕಿನಲ್ಲಿ ಅರ್ಧ ಗಂಟೆ ಕೂತರೆ ಈ ಸಾಲ ಹುಟ್ಟುವ ಗಳಿಗೆಯನ್ನು ಕಣ್ಣಾರೆ ನೋಡಬಹುದು. ನಾನು ನೋಡಿದ್ದೇನೆ. ಪ್ಲಾಸ್ಟಿಕ್ ಕವರಿನಲ್ಲಿ ಪಹಣಿ, ಆದಾಯ ಪ್ರಮಾಣಪತ್ರ, ಅಂಕಪಟ್ಟಿ, ಕಾಲೇಜಿನ ಫೀಸು ಪತ್ರ, ಎಲ್ಲದಕ್ಕೂ ಎರಡೆರಡು ಜೆರಾಕ್ಸ್. ಅಪ್ಪ ಕುರ್ಚಿಯ ತುದಿಯಲ್ಲಿ ಕೂತಿದ್ದಾರೆ, ಮಗ ಪಕ್ಕದಲ್ಲಿ ನಿಂತಿದ್ದಾನೆ. “ಸಾರ್, ಬಡ್ಡಿ ಈಗ್ಲೇ ಶುರುವಾಗುತ್ತಾ?” ಎಂದು ಅಪ್ಪ ಕೇಳುತ್ತಾರೆ. “ಈಗೇನೂ ಕಟ್ಟಂಗಿಲ್ಲ ಯಜಮಾನ್ರೇ, ಕೋರ್ಸ್ ಮುಗಿದು ಒಂದು ವರ್ಷ ಆದ್ಮೇಲೆ” ಎಂದು ಉತ್ತರ ಬರುತ್ತದೆ. ಹೇಳಿದ ಮಾತು ಸುಳ್ಳಲ್ಲ. ಆದರೆ ಅಪ್ಪ ಕೇಳಿದ್ದು ಬಡ್ಡಿ ಯಾವಾಗ ಶುರುವಾಗುತ್ತದೆ ಎಂದು, ಯಾವಾಗ ಕಟ್ಟಬೇಕು ಎಂದಲ್ಲ. ಮುಖ ಸಡಿಲವಾಗಿ ಅವರು ಬ್ಯಾಂಕಿನವರು ಬೆರಳು ತೋರಿಸಿದ ಕಡೆಯೆಲ್ಲ ಸಹಿ ಹಾಕುತ್ತಾ ಹೋಗುತ್ತಾರೆ. ಮಗನಿಗೆ ಹದಿನೆಂಟು ತುಂಬಿಲ್ಲದಿದ್ದರೆ ಸಾಲದ ಪತ್ರಕ್ಕೆ ಅಪ್ಪನದೇ ಸಹಿ. ತುಂಬಿದ ಮೇಲೆ ಅವನನ್ನು ಕರೆಸಿ, ಈ ಸಾಲ ನನಗೂ ಒಪ್ಪಿಗೆ ಎಂದು ಬರೆಸಿಕೊಳ್ಳುತ್ತಾರೆ. ಮತದಾನದ ಹಕ್ಕಿನ ಜೊತೆಜೊತೆಗೇ ಬರುವ ಈ ಸಹಿಯ ಬಗ್ಗೆ ನಾವು ಮಾತಾಡುವುದೇ ಇಲ್ಲ.

ಹೀಗೆಯೇ ಇರಬೇಕೆಂದೇನೂ ಇರಲಿಲ್ಲ. ಕ್ಯಾಪಿಟೇಶನ್ ಹಾವಳಿಯನ್ನು ಮೊದಲು ಕಂಡ ರಾಜ್ಯಗಳಲ್ಲಿ ನಮ್ಮದೂ ಒಂದು. ಅದನ್ನು ನಿಷೇಧಿಸುವ ಕಾಯ್ದೆ 1984ರಲ್ಲೇ ಬಂತು. ಕರ್ನಾಟಕದ ಖಾಸಗಿ ಕಾಲೇಜೊಂದರ ವೈದ್ಯಕೀಯ ಸೀಟಿನ ಫೀಸಿನಿಂದ ಹುಟ್ಟಿದ ಮೋಹಿನಿ ಜೈನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1992ರಲ್ಲಿ ಶಿಕ್ಷಣ ಪೌರರ ಹಕ್ಕು ಎಂದಿತು. ಮರುವರ್ಷ ಉನ್ನಿಕೃಷ್ಣನ್ ತೀರ್ಪು ಸೀಟುಗಳನ್ನು ಫ್ರೀ ಸೀಟು, ಪೇಮೆಂಟ್ ಸೀಟು ಎಂದು ಅರ್ಧರ್ಧ ಹಂಚಿತು. ಉಳ್ಳವರ ಫೀಸಿನಿಂದ ಇಲ್ಲದವರ ಓದು ನಡೆಯಲಿ ಎಂಬುದು ಅದರ ಆಶಯ. 2002ರ ಟಿ.ಎಂ.ಎ. ಪೈ ತೀರ್ಪಿನಲ್ಲಿ ಆ ಏರ್ಪಾಡು ಬಿದ್ದುಹೋಯಿತು. ಅದಕ್ಕೆ ಒಂದು ವರ್ಷ ಮುಂಚೆ, 2001ರಲ್ಲಿ, ಬ್ಯಾಂಕುಗಳ ಮಾದರಿ ಸಾಲ ಯೋಜನೆ ಬಂದಿತ್ತು. ಸಮಾಜ ಹೊತ್ತಿದ್ದ ಭಾರದ ದೊಡ್ಡ ಪಾಲು ಮನೆಯ ಹೆಗಲಿಗೆ ಬಂದದ್ದು, ಅದನ್ನು ಹೊರಲು ಸಾಲ ಸಿಕ್ಕಿದ್ದು ಒಂದೇ ಕಾಲದಲ್ಲಿ. ಎರಡನ್ನೂ ಒಟ್ಟಿಗೆ ನೋಡದೆ ಇವತ್ತಿನ ಸ್ಥಿತಿ ಅರ್ಥವಾಗುವುದಿಲ್ಲ.

ಸಾಲವನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಅಡವಿಡಲು ಗುಂಟೆ ಜಮೀನೂ ಇಲ್ಲದ ಮನೆಯ ಹೆಣ್ಣುಮಗಳು ಈ ಸಾಲದಿಂದಲೇ ಊರು ದಾಟಿ, ಓದಿ, ಮನೆಯವರಿಗೆ ಸೂರು ಕಟ್ಟಿಸಿಕೊಟ್ಟ ಉದಾಹರಣೆಗಳು ನಮ್ಮ ಸುತ್ತ ಬೇಕಾದಷ್ಟಿವೆ. ಆ ಬಾಗಿಲು ಮುಚ್ಚಬಾರದು. ನಾನು ಕೇಳುತ್ತಿರುವುದು ಆ ಬಾಗಿಲು ದಾಟಲು ತೆರಬೇಕಾದ ಬೆಲೆಯನ್ನು. ಅದರಲ್ಲಿ ಒಂದು ಭಾಗ ಮಾತ್ರ ರೂಪಾಯಿಯಲ್ಲಿದೆ.

ಇಪ್ಪತ್ತೆರಡರಿಂದ ಮೂವತ್ತೆರಡರವರೆಗಿನದು ಮನುಷ್ಯ ತನ್ನನ್ನು ಹುಡುಕಿಕೊಳ್ಳುವ ವಯಸ್ಸು. ಒಂದು ಕೆಲಸ ಹಿಡಿದು, ಇದು ನನ್ನದಲ್ಲ ಎಂದು ಬಿಟ್ಟು ಇನ್ನೊಂದಕ್ಕೆ ಕೈಹಾಕಬಹುದು. ಶಿವಮೊಗ್ಗದ ಫೌಂಡ್ರಿಯಲ್ಲಿ ಕಡಿಮೆ ಸಂಬಳಕ್ಕೆ ಸೇರಿ ಕಬ್ಬಿಣದ ಗುಣ ಕಲಿಯಬಹುದು. ಊರಿನ ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಹೇಳಿಕೊಡಬಹುದು. ಕಂತು ಇರುವವರು ಇದ್ಯಾವುದನ್ನೂ ಮಾಡಲಾರರು. ಸಿವಿಲ್ ಓದಿದವರು ಕೋಡಿಂಗ್ ಕೆಲಸಕ್ಕೆ ಸೇರುತ್ತಾರೆ, ರಾತ್ರಿ ಪಾಳಿ ಒಪ್ಪುತ್ತಾರೆ, ಸರ್ವಿಸ್ ಬಾಂಡ್‌ಗೆ ಸಹಿ ಹಾಕುತ್ತಾರೆ, ತಪ್ಪೆಂದು ಗೊತ್ತಿದ್ದನ್ನು ಮೇಲಿನವರು ಮಾಡು ಎಂದಾಗ ಬಾಯಿ ಮುಚ್ಚಿಕೊಳ್ಳುತ್ತಾರೆ. ಅಂಜುಬುರುಕರೆಂದಲ್ಲ. ತಿಂಗಳ ಐದನೇ ತಾರೀಕಿಗೆ ಖಾತೆಯಲ್ಲಿ ದುಡ್ಡಿಲ್ಲದಿದ್ದರೆ ಬ್ಯಾಂಕಿನವರ ಫೋನು ಹೋಗುವುದು ಅಪ್ಪನಿಗೆ. ಬೇಡ ಎನ್ನುವ ಶಕ್ತಿಯೇ ಆ ಹತ್ತು ವರ್ಷ ಒತ್ತೆಯಲ್ಲಿರುತ್ತದೆ, ಮತ್ತು ಯಾವ ಬ್ಯಾಂಕಿನ ಸಾಲ ಪತ್ರದಲ್ಲೂ ಅದರ ಉಲ್ಲೇಖವಿಲ್ಲ.

ವಿಶ್ವೇಶ್ವರಯ್ಯನವರ ಓದು ಇಲ್ಲಿ ನೆನಪಾಗುತ್ತದೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿದ್ದಾಗ ಮನೆಪಾಠ ಹೇಳಿ ಖರ್ಚು ತೂಗಿಸಿದ ಅವರು ಪುಣೆಯಲ್ಲಿ ಎಂಜಿನಿಯರಿಂಗ್ ಓದಿದ್ದು ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಲ್ಲಿ. ಓದು ಮುಗಿಸಿ ಸೇರಿದ್ದು ಮುಂಬೈ ಪ್ರಾಂತ್ಯದ ಸೇವೆಗೆ. ಮೈಸೂರಿಗೆ ಚೀಫ್ ಎಂಜಿನಿಯರ್ ಆಗಿ ಬಂದದ್ದು 1909ರಲ್ಲಿ, ಸಂಸ್ಥಾನ ನೆರವು ಕೊಟ್ಟು ಕಾಲು ಶತಮಾನ ಕಳೆದ ಮೇಲೆ. ಎರಡು ವರ್ಷದಲ್ಲಿ ಕನ್ನಂಬಾಡಿಯ ಕೆಲಸ ಶುರುವಾಯಿತು. ನೆರವು ಪಡೆದವರೆಲ್ಲ ವಿಶ್ವೇಶ್ವರಯ್ಯ ಆಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಆದರೆ ತಿಂಗಳ ಕಂತನ್ನು ಎಣಿಸದ ಒಂದು ಸಂಸ್ಥಾನ, ತನ್ನ ದುಡ್ಡಿನಲ್ಲಿ ಓದಿದ ಹುಡುಗ ಎಲ್ಲೋ ದುಡಿದು, ಕಲಿತು, ಮಾಗಲು ಬಿಟ್ಟಿತು. ಇಂದು ಅಂಥ ಬಿಡುವು ಯಾರಿಗೆ ಸಿಗುತ್ತಿದೆ? ಅಪ್ಪನ ಬಳಿ ಮೊದಲೇ ದುಡ್ಡಿದ್ದವರಿಗೆ ಮಾತ್ರ.

ಹಾಗಾಗಿ ಸಾಲಕ್ಕೆ ಬಡ್ಡಿ ರಿಯಾಯಿತಿ ಕೊಡುವುದಕ್ಕಿಂತ ಸರ್ಕಾರಿ ಎಂಜಿನಿಯರಿಂಗ್ ಕಾಲೇಜುಗಳಿಗೆ ಕಾಯಂ ಮೇಷ್ಟ್ರುಗಳನ್ನೂ ಲ್ಯಾಬುಗಳನ್ನೂ ಕೊಡುವುದು ಹೆಚ್ಚು ನ್ಯಾಯ ಎಂದು ನಾನು ನಂಬುತ್ತೇನೆ. ಅದು ಆಗುವ ತನಕ, ಈ ವರ್ಷ ಸಿಇಟಿ ಆಪ್ಷನ್ ಎಂಟ್ರಿಗೆ ಕೂರುವ ಮನೆಗಳಲ್ಲಿ ಒಂದು ಕೋರಿಕೆ. ಕಾಲೇಜಿನ ಗೇಟಿಗೆ ಕಟ್ಟಿದ ಫ್ಲೆಕ್ಸ್‌ನಲ್ಲಿರುವ ಅತಿ ಹೆಚ್ಚಿನ ಪ್ಯಾಕೇಜನ್ನು ನೋಡಬೇಡಿ. ಆ ಬ್ರಾಂಚಿನ ನಡುಮಧ್ಯದ ವಿದ್ಯಾರ್ಥಿಗೆ ಎಷ್ಟು ಸಿಕ್ಕಿತು, ಎಷ್ಟು ಜನಕ್ಕೆ ಏನೂ ಸಿಗಲಿಲ್ಲ ಎಂದು ವಿಚಾರಿಸಿ. ಪಟ್ಟಿಯ ಪ್ರತಿ ಕಾಲೇಜಿನ ಪಕ್ಕ ಅದರ ತಿಂಗಳ ಕಂತನ್ನು ಬರೆಯಿರಿ. ಅದನ್ನು ಮಕ್ಕಳ ಎದುರಿಗೇ ಬರೆಯಿರಿ, ಕಟ್ಟಬೇಕಾದವರು ಅವರು.