ತನ್ನದು, ಪರರದು

1792ರ ಶ್ರೀರಂಗಪಟ್ಟಣದ ಯುದ್ಧದಲ್ಲಿ ಇಂಗ್ಲಿಷರ ಸೈನ್ಯಕ್ಕೆ ಎತ್ತು ಹೊಡೆಯುವವನಾಗಿದ್ದ ಕೊವಾಸ್‌ಜಿ ಎಂಬ ಮರಾಠನು ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕಿ, ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡ. ಸುಮಾರು ಒಂದು ವರ್ಷದ ಮೇಲೆ ಪುಣೆಯ ಸಮೀಪದಲ್ಲಿ ನಾಟಿ ವೈದ್ಯನೊಬ್ಬ ಅವನ ಹಣೆಯ ಚರ್ಮವನ್ನೇ ಬಿಡಿಸಿ, ಹುಬ್ಬುಗಳ ನಡುವೆ ಒಂದೆಳೆಯನ್ನು ಕಡಿಯದೆ ಉಳಿಸಿ, ಕೆಳಕ್ಕೆ ತಿರುಗಿಸಿ ಹೊಸ ಮೂಗು ಕಟ್ಟಿದ. 1794ರ ಅಕ್ಟೋಬರಿನಲ್ಲಿ ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಜೀನ್’ ಈ ವೃತ್ತಾಂತವನ್ನು ಚಿತ್ರಸಹಿತ ಅಚ್ಚುಹಾಕಿತು. ಮೂಗು ಹೋಯಿತೆಂದರೆ ಮಾನ ಹೋಯಿತೆನ್ನುವ ನಮ್ಮ ನಾಡಿನಲ್ಲಿ ಆ ವೈದ್ಯ ತಿರುಗಿ ಕೊಟ್ಟದ್ದು ಬರಿಯ ಚರ್ಮವನ್ನಲ್ಲ.

ಆ ಚರ್ಮ ಅವನದೇ ಆಗಿತ್ತು. ಒಡಹುಟ್ಟಿದವನದಾಗಿದ್ದರೆ? 1943ರಲ್ಲಿ ಗಿಬ್ಸನ್ ಮತ್ತು ಮೆಡಾವರ್ ಎಂಬಿಬ್ಬರು ಗ್ಲಾಸ್ಗೋ ನಗರದಲ್ಲಿ, ಸುಟ್ಟಗಾಯದಿಂದ ನರಳುತ್ತಿದ್ದ ಹೆಂಗಸೊಬ್ಬಳಿಗೆ ಅವಳ ಸೋದರನ ಚರ್ಮವನ್ನು ಕಸಿಮಾಡಿದ ಪ್ರಸಂಗವನ್ನು ವರ್ಣಿಸಿದ್ದಾರೆ. ದೇಹ ಅದನ್ನು ತಳ್ಳಿತು. ಎರಡನೆಯ ಸಲ ಹಾಕಿದ್ದನ್ನು ಇನ್ನೂ ಬೇಗನೆ ತಳ್ಳಿತು. ತೋಟದಲ್ಲಿ ಮಾವಿಗೆ ಮಾವು ಒಗ್ಗುತ್ತದೆ. ಮನುಷ್ಯನಿಗೆ ಮನುಷ್ಯ ಒಗ್ಗುವುದಿಲ್ಲ.

ಹಾಗಾದರೆ, ಅರ್ಧ ತಂದೆಯ ಅಂಶವಾದ ಶಿಶುವನ್ನು ತಾಯಿಯ ಒಡಲು ಒಂಬತ್ತು ತಿಂಗಳು ಹೇಗೆ ತಡೆದುಕೊಳ್ಳುತ್ತದೆ? ಕಾವ್ಯ ಪಾಠಹೇಳುವ ನನ್ನಂಥವನು ವಾತ್ಸಲ್ಯವೆಂದುಬಿಟ್ಟಾನು. 1998ರಲ್ಲಿ ಅಮೆರಿಕದ ಮನ್, ಮೆಲ್ಲರ್ ಮೊದಲಾದವರು ಇಲಿಗಳಲ್ಲಿ ಕಂಡದ್ದು ಬೇರೆ. ಆಹಾರದಿಂದಲೇ ದೊರೆಯಬೇಕಾದ ಟ್ರಿಪ್ಟೊಫಾನ್ ಎಂಬ ಅಮೈನೊ ಆಮ್ಲವಿಲ್ಲದೆ, ದಾಳಿಗೆ ಸಿದ್ಧವಾದ ಬಿಳಿಯ ರಕ್ತಕಣಗಳು ಸಂಖ್ಯೆಯಲ್ಲಿ ಹೆಚ್ಚಲಾರವು. ಮಾಸಿನ ಬಳಿಯ ಒಂದು ಕಿಣ್ವ ಆ ಆಮ್ಲವನ್ನು ಅಲ್ಲಿಯೇ ಒಡೆದುಹಾಕುತ್ತದೆ. ಔಷಧದಿಂದ ಈ ಕಿಣ್ವವನ್ನು ತಡೆದಾಗ, ಬೇರೆ ತಳಿಯ ಗಂಡಿನಿಂದಾದ ಮರಿಗಳು ಗರ್ಭದಲ್ಲಿಯೇ ಅಳಿದವು. ಅದೇ ತಳಿಯವು ಉಳಿದವು. ಆ ಕಿಣ್ವವಿಲ್ಲದೆಯೇ ಹುಟ್ಟಿದ ಇಲಿಗಳೂ ಮರಿಹಾಕುವುದು ಆಮೇಲೆ ತಿಳಿಯಿತು; ಪ್ರಕೃತಿಗೆ ಒಂದೇ ದಾರಿಯಲ್ಲವಷ್ಟೆ. ಕಸಿಮಾಡಿದ ಅಂಗದಲ್ಲಿ ಇದೇ ಕಿಣ್ವವನ್ನು ಹೆಚ್ಚಿಸಿದರೆ ಅಂಗ ಹೆಚ್ಚು ದಿನ ಬಾಳುವುದನ್ನೂ ಪ್ರಾಣಿಗಳಲ್ಲಿ ಕಂಡಿದ್ದಾರೆ.

ವಿಚಾರಮಾಡಬೇಕಾದದ್ದು ಇಲ್ಲಿದೆ. ತಾಯಿಯ ದೇಹ ಶಿಶುವನ್ನು ‘ನನ್ನದು’ ಎಂದು ಗುರುತಿಸಿದಂತೆ ಕಾಣುವುದಿಲ್ಲ. ತನ್ನ ಕಾವಲುಗಾರರನ್ನು ಅದು ಕೊಲ್ಲಲೂ ಇಲ್ಲ. ಆ ಒಂದು ಬಾಗಿಲಲ್ಲಿ ಅವರ ತುತ್ತು ಕಡಿಮೆಮಾಡಿತು, ಅಷ್ಟೆ. ಪರರನ್ನು ಸೈರಿಸಲು ಅವರೂ ನಮ್ಮವರೆಂಬ ಭಾವ ಮೊದಲು ಹುಟ್ಟಬೇಕೆಂದು ನೀತಿಕಾರರು ಹೇಳುತ್ತ ಬಂದಿದ್ದಾರೆ. ಹುಟ್ಟದಿದ್ದರೆ? ಅದಕ್ಕಾಗಿ ಕಾಯದೆ, ನಮ್ಮೊಳಗಿನ ಹಗೆಗೆ ಉಣಿಸುವುದನ್ನು ನಿಲ್ಲಿಸಬಾರದೆ?

ನಮ್ಮ ದೇಶದ 1994ರ ಅಂಗಾಂಗ ಕಸಿ ಕಾನೂನು ತಂದೆತಾಯಿ, ಮಕ್ಕಳು, ಒಡಹುಟ್ಟಿದವರ ಜೊತೆಗೆ ಗಂಡಹೆಂಡಿರನ್ನೂ ಹತ್ತಿರದ ಬಂಧುಗಳೆಂದೇ ಎಣಿಸುತ್ತದೆ. ರಕ್ತಕಣ ಹಾಗೆ ಎಣಿಸುವುದಿಲ್ಲ. ಹೆಂಡತಿಯ ಮೂತ್ರಪಿಂಡವನ್ನು ಪಡೆದ ಗಂಡ ದಿನವೂ ಗುಳಿಗೆ ನುಂಗಿ, ಮೈಯ ಕಾವಲನ್ನೆಲ್ಲ ಕುಗ್ಗಿಸಿಕೊಂಡೇ ಬದುಕಬೇಕು. ಸಣ್ಣ ಜ್ವರಕ್ಕೂ ಅಂಜಬೇಕು. ತಾಯಿಯ ಒಡಲಿನಂತೆ ಒಂದೇ ಬಾಗಿಲಲ್ಲಿ ತುತ್ತು ತಡೆಯುವ ಮದ್ದು ಅವನ ಕೈಗೆ ಇನ್ನೂ ಬಂದಿಲ್ಲ.